ದೂರವಾಣಿಯ ಮೂಲಕ ಮನೆಬಳಕೆಯ ದೂರಮಾಪನ ಮತ್ತು ದೂರನಿಯಂತ್ರಣ

ಮನೆಯಲ್ಲಿ ವಿದ್ಯುತ್ತು, ನೀರು, ಅನಿಲ ಎಷ್ಟು ಖರ್ಚಾಯಿತೆಂದು ಮೀಟರಿನ ಹತ್ತಿರ ಹೋಗದೆ ದೂರವಾಣಿ ಜಾಲದ ಮೂಲಕ ತಿಳಿಯುವುದು ದೂರಮಾಪನ. ಅದೇ ಹಾದಿಯಲ್ಲಿ ಆದೇಶ ಕಳಿಸಿ ಗೀಸರನ್ನೋ ಪಂಪನ್ನೋ ಇಡೀ ಮನೆಯ ಸಂಪರ್ಕವನ್ನೋ ಹಾಕುವುದು, ಆರಿಸುವುದು ದೂರನಿಯಂತ್ರಣ. 1970ರ ದಶಕದಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಈ ತಂತ್ರ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂಥ ಹಳೆಯ ಬಡಾವಣೆಗಳಲ್ಲಿ ತನ್ನ ಮೂಲರೂಪದಲ್ಲಿ, ಎಂದರೆ ಮನೆಯ ತಾಮ್ರದ ದೂರವಾಣಿ ತಂತಿಯ ಮೇಲೆ, ನೆಲೆಯೂರಲಿಲ್ಲ. ಅದು ಮಾಡಬೇಕಿದ್ದ ಕೆಲಸವನ್ನು ಮೀಟರ್ ರೀಡರ್, ವಾಲ್ವ್‌ಮನ್, ಸಹಾಯವಾಣಿಗಳು ಹಂಚಿಕೊಂಡು ಮಾಡಿದವು. ಮೊಬೈಲ್ ಜಾಲ ಬಂದಾಗ ನಗರ ತಂತಿಯ ಹಂತವನ್ನು ದಾಟಿ ನೇರವಾಗಿ ನಿಸ್ತಂತು ಮೀಟರಿನತ್ತ ಹೊರಟಿತು. ಮೀಟರಿನ ಅಂಕಿ ಯಾರ ಕೈ ದಾಟಿ ಎಲ್ಲಿ ಸೇರುತ್ತದೆ ಎಂಬುದೇ ಇಲ್ಲಿನ ಚರಿತ್ರೆಯ ಮುಖ್ಯ ಎಳೆ.

ಹಿನ್ನೆಲೆ

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದದ್ದು 1898ರ ಪ್ಲೇಗಿನ ಬಳಿಕ. ಇದೇ ಕಾಲದಲ್ಲಿ ನಗರಕ್ಕೆ ಕೊಳಾಯಿಯೂ ವಿದ್ಯುತ್ತೂ ಬಂದವು. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯ ನೀರು ನಗರಕ್ಕೆ ಹರಿಯಿತು. ಅದನ್ನು ಶುದ್ಧಗೊಳಿಸುತ್ತಿದ್ದ ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್ಸ್ ಹೆಸರು ಇಂದಿಗೂ ಆ ಭಾಗದಲ್ಲಿ ಉಳಿದಿದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗಾಗಿ ಶಿವನಸಮುದ್ರದಲ್ಲಿ ಆರಂಭವಾದ ಜಲವಿದ್ಯುತ್ತು 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿತು. ಮುಂದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಕಾವೇರಿ ನೀರು ಬಂತು.

ನೀರಿನ ಹೊಣೆ 1964ರ ಕಾಯಿದೆಯಡಿ ಜಲಮಂಡಳಿಗೆ ಸೇರಿತು. ವಿದ್ಯುತ್ತಿನ ಹೊಣೆ 1957ರಿಂದ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿಯಲ್ಲಿತ್ತು; ಅದೇ ಮುಂದೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ, ಎಂದರೆ ಕೆಇಬಿ, ಎನಿಸಿತು. ಆ ಹೊಣೆ 1999ರಲ್ಲಿ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ಗೆ, 2002ರಲ್ಲಿ ಬೆಂಗಳೂರಿನ ವಿತರಣಾ ಸಂಸ್ಥೆಯಾದ ಬೆಸ್ಕಾಂಗೆ ಬಂತು. ಹಳಬರ ಬಾಯಲ್ಲಿ ಮಾತ್ರ ಈಗಲೂ ಅದು 'ಕೆಇಬಿ'ಯೇ.

ಈ ಬಡಾವಣೆಗಳ ಹಳೆಯ ಮನೆಗಳಲ್ಲಿ ವಿದ್ಯುತ್ ಮೀಟರು ಜಗಲಿಯ ಅಥವಾ ವರಾಂಡದ ಗೋಡೆಗೆ ಹೊಡೆದ ಮರದ ಹಲಗೆಯ ಮೇಲೆ, ಪಿಂಗಾಣಿ ಫ್ಯೂಸುಗಳ ಪಕ್ಕದಲ್ಲಿರುತ್ತಿತ್ತು. ನೀರಿನ ಮೀಟರು ಗೇಟಿನ ಬಳಿಯ ಸಣ್ಣ ಗುಂಡಿಯಲ್ಲಿ. ದೀಪ, ಫ್ಯಾನುಗಳಿಗೆ ಒಂದು ಮೀಟರು, ಬಾಯ್ಲರು, ಇಸ್ತ್ರಿಪೆಟ್ಟಿಗೆಯಂಥ ಕಾವಿನ ಬಳಕೆಗೆ ಬೇರೆ ದರದ ಇನ್ನೊಂದು ಮೀಟರು ಇದ್ದ ಕಾಲವೂ ಇತ್ತು. ಎರಡನ್ನೂ ಒಂದೇ ಲೆಕ್ಕಕ್ಕೆ ತಂದ 'ಎ.ಇ.ಎಚ್.' ದರ, ಎಂದರೆ ಪೂರ್ಣ ವಿದ್ಯುತ್ ಬಳಸುವ ಮನೆಗಳ ದರ, ಬೆಂಗಳೂರಿನ ಗೃಹಸ್ಥರ ಮಾತಿನಲ್ಲಿ ದಶಕಗಳ ಕಾಲ ಬಳಕೆಯಲ್ಲಿತ್ತು. ಸಂಪರ್ಕಕ್ಕೆ ಒಂದು ಆರ್.ಆರ್. ನಂಬರು; ಬಿಲ್ಲು, ದೂರು, ವರ್ಗಾವಣೆ ಎಲ್ಲಕ್ಕೂ ಅದೇ ಗುರುತು.

ಕಾರ್ಯವಿಧಾನ

ದೂರಮಾಪನಕ್ಕೆ ಮೂರು ಅಂಗಗಳು ಬೇಕು: ಬಳಕೆಯನ್ನು ಅಂಕಿಯಾಗಿಸುವ ಮೀಟರು, ಆ ಅಂಕಿಯನ್ನು ಸಾಗಿಸುವ ಹಾದಿ, ಅದನ್ನು ಪಡೆದು ಲೆಕ್ಕವಿಡುವ ಕೇಂದ್ರ.

ಹಳೆಯ ವಿದ್ಯುತ್ ಮೀಟರಿನಲ್ಲಿ ಅಲ್ಯೂಮಿನಿಯಂ ತಟ್ಟೆಯೊಂದು ಬಳಕೆಗೆ ತಕ್ಕ ವೇಗದಲ್ಲಿ ಸುತ್ತುತ್ತದೆ. ಹಲ್ಲುಚಕ್ರಗಳು ಆ ಸುತ್ತುಗಳನ್ನು ಯೂನಿಟ್ಟಿನ ಅಂಕಿಯಾಗಿ ತೋರಿಸುತ್ತವೆ. ಇದರಿಂದ ಹೊರಕ್ಕೆ ಸಂಕೇತ ಪಡೆಯಬೇಕಾದರೆ ತಟ್ಟೆಯ ಅಂಚಿನ ಕಪ್ಪು ಗುರುತನ್ನು ಬೆಳಕಿನ ಕಣ್ಣಿನಿಂದ ಎಣಿಸಬೇಕು. ಸುತ್ತುವ ಭಾಗಗಳೇ ಇಲ್ಲದ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಈ ಕಷ್ಟವಿಲ್ಲ. ಅದರ ಮುಖದ ಮೇಲೆ ಮಿಣುಕುವ ಕೆಂಪು ದೀಪ ಒಂದು ಯೂನಿಟ್ಟಿಗೆ ನಿಗದಿತ ಸಂಖ್ಯೆಯಷ್ಟು, ಉದಾಹರಣೆಗೆ 3200 ಸಲ, ಮಿನುಗುತ್ತದೆ. ಒಳಗಿನ ಸ್ಮೃತಿಯಲ್ಲಿ ದಿನ, ಗಂಟೆಗಳ ಲೆಕ್ಕವೂ ಇರಬಲ್ಲದು. ನೀರಿನ ಮೀಟರಿನಲ್ಲಿ ತಿರುಗುವ ಚಕ್ರಕ್ಕೆ ಸಣ್ಣ ಅಯಸ್ಕಾಂತ ಅಂಟಿಸಿ, ಅದು ಹಾದುಹೋದಾಗಲೆಲ್ಲ ಮುಚ್ಚಿ ತೆರೆಯುವ ಸ್ವಿಚ್ಚಿನಿಂದ ಎಣಿಕೆ ಪಡೆಯುತ್ತಾರೆ.

ಸಾಮಾನ್ಯ ದೂರವಾಣಿ ತಂತಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಒಯ್ಯುತ್ತದೆ. ಮೋಡೆಮ್ ಅಂಕಿಗಳನ್ನು ಈ ಪಟ್ಟಿಯೊಳಗಿನ ಸ್ವರಗಳನ್ನಾಗಿ ಮಾರ್ಪಡಿಸುತ್ತದೆ. ಒಂದು ಮೀಟರಿನ ತಿಂಗಳ ಲೆಕ್ಕ ಕೆಲವೇ ಅಂಕಿಗಳಷ್ಟಾದ್ದರಿಂದ ಸೆಕೆಂಡಿಗೆ 300 ಬಿಟ್ ಸಾಗಿಸುವ ನಿಧಾನದ ಮೋಡೆಮ್ಮೂ ಸಾಕು. ಸಂಪರ್ಕ ಎರಡು ಬಗೆ. ಒಂದರಲ್ಲಿ ಮೀಟರೇ ರಾತ್ರಿ ಗೊತ್ತಾದ ಹೊತ್ತಿಗೆ ಕೇಂದ್ರಕ್ಕೆ ಡಯಲ್ ಮಾಡುತ್ತದೆ. ಇನ್ನೊಂದರಲ್ಲಿ ಕೇಂದ್ರ ಮನೆಗೆ ಕರೆ ಮಾಡುತ್ತದೆ; ನಡುರಾತ್ರಿ ಮನೆಯವರ ಫೋನು ರಿಂಗಾಗದಂತೆ ಎಕ್ಸ್‌ಚೇಂಜಿನ ಪರೀಕ್ಷಾ ಮಾರ್ಗದಿಂದ ತಂತಿಯನ್ನು ತಲುಪುವ ಏರ್ಪಾಡು ಇದಕ್ಕೆ ಬೇಕು. ತಂತಿಗೆ ಬೇಕಾದ 48 ವೋಲ್ಟ್ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುವುದರಿಂದ ಮನೆಯಲ್ಲಿ ಕರೆಂಟು ಹೋದಾಗಲೂ ದೂರವಾಣಿ ಜೀವಂತವಾಗಿರುವುದು ಈ ವಿಧಾನದ ದೊಡ್ಡ ಅನುಕೂಲ.

ನಿಯಂತ್ರಣಕ್ಕೆ ಒತ್ತುಗುಂಡಿ ಫೋನಿನ ಸ್ವರಗಳು ಬಳಕೆಯಾದವು. ಪ್ರತಿ ಗುಂಡಿಯೂ ಎರಡು ಸ್ವರಗಳನ್ನು ಒಟ್ಟಿಗೆ ಹೊರಡಿಸುತ್ತದೆ; '1' ಒತ್ತಿದರೆ 697 ಮತ್ತು 1209 ಹರ್ಟ್ಸ್. ತಿರುಗಣಿ ಡಯಲಿನ ತಟ್ಟುಗಳು ಎಕ್ಸ್‌ಚೇಂಜಿನಲ್ಲೇ ಮುಗಿದುಹೋಗುತ್ತವೆ, ಆದರೆ ಸ್ವರಗಳು ಮಾತಿನ ಹಾಗೆಯೇ ಕರೆಯ ಇನ್ನೊಂದು ತುದಿಯವರೆಗೆ ಹೋಗುತ್ತವೆ. ಆದ್ದರಿಂದ ಮನೆಗೆ ಫೋನು ಮಾಡಿ ಗುಂಡಿಯೊತ್ತಿ ಮೋಟರು ಚಾಲೂ ಮಾಡುವುದು ಸಾಮಾನ್ಯರಿಗೆ ಎಟುಕಿದ್ದು ಸ್ವರದ ಫೋನುಗಳು ಹರಡಿದ ಮೇಲೆ.

ವಿದೇಶಗಳಲ್ಲಿ ಬೆಳವಣಿಗೆ

ಗ್ರೀಕ್ ಮೂಲದ ಥಿಯೋಡೋರ್ ಪರಸ್ಕೆವಾಕೋಸ್ 1972ರಲ್ಲಿ ಅಮೆರಿಕದ ಹಂಟ್ಸ್‌ವಿಲ್‌ನಲ್ಲಿ ಬೋಯಿಂಗ್ ಸಂಸ್ಥೆಯೊಂದಿಗೆ ಕೆಲಸ ಮಾಡುತ್ತ ಬೆಂಕಿ, ಕಳ್ಳತನಗಳ ಎಚ್ಚರಿಕೆ ಮತ್ತು ಮೀಟರಿನ ಅಂಕಿಗಳನ್ನು ದೂರವಾಣಿ ತಂತಿಯಲ್ಲಿ ಕಳಿಸುವ ವ್ಯವಸ್ಥೆಯನ್ನು ರೂಪಿಸಿದರು. ಕರೆ ಮಾಡುವವರ ನಂಬರನ್ನು ಗುರುತಿಸುವ ಅವರ ಹಿಂದಿನ ಶೋಧನೆಯೇ ಇದಕ್ಕೆ ತಳಹದಿ. 1974ರಲ್ಲಿ ಪೇಟೆಂಟ್ ದೊರೆಯಿತು. 1977ರಲ್ಲಿ ಅವರು ಸ್ಥಾಪಿಸಿದ ಮೆಟ್ರೆಟೆಕ್ ಸಂಸ್ಥೆ ಐಬಿಎಂ ಸೀರೀಸ್ 1 ಮಿನಿ ಕಂಪ್ಯೂಟರನ್ನು ಕೇಂದ್ರವಾಗಿಟ್ಟುಕೊಂಡು ಮೀಟರು ಓದುವ, ಹೊರೆ ನಿಯಂತ್ರಿಸುವ ವ್ಯವಸ್ಥೆಯನ್ನು ಮಾರಿತು.

ಯುರೋಪಿನಲ್ಲಿ ಹಾದಿ ಬೇರೆಯಾಗಿತ್ತು. ವಿದ್ಯುತ್ ತಂತಿಯ ಮೇಲೆಯೇ ಸ್ವರಸಂಕೇತ ಹರಿಸಿ ನೀರು ಕಾಯಿಸುವ ಹಂಡೆಗಳನ್ನು ಒಮ್ಮೆಗೇ ಹಾಕುವ, ಆರಿಸುವ ಪದ್ಧತಿ ಅಲ್ಲಿ ಎರಡನೆಯ ಮಹಾಯುದ್ಧಕ್ಕಿಂತ ಮೊದಲಿನದು. ಬ್ರಿಟನ್ನಿನಲ್ಲಿ 1980ರ ದಶಕದಿಂದ ಬಿಬಿಸಿಯ ದೀರ್ಘತರಂಗ ಪ್ರಸಾರದೊಳಗೆ ಅಡಗಿಸಿದ ಸಂಕೇತ ಇದೇ ಕೆಲಸ ಮಾಡಿತು. ಇಟಲಿಯ ಎನೆಲ್ ಸಂಸ್ಥೆ 2001ರಿಂದ ಸುಮಾರು 3 ಕೋಟಿ ಮನೆಗಳಿಗೆ ವಿದ್ಯುತ್ ತಂತಿಯ ಮೂಲಕವೇ ಮಾತಾಡುವ ಮೀಟರುಗಳನ್ನು ಹಾಕಿತು.

ತಂತಿ ಏಕೆ ಬೇರೂರಲಿಲ್ಲ

ದೂರವಾಣಿ ಉಪಕರಣಗಳ ತಯಾರಿಕೆಯಲ್ಲಿ ಬೆಂಗಳೂರು ಹಿಂದೆ ಬಿದ್ದಿರಲಿಲ್ಲ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆಗಳಲ್ಲೊಂದಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಆರಂಭವಾದದ್ದು ಇಲ್ಲಿ. ಅದರಿಂದಲೇ ದೂರವಾಣಿನಗರಕ್ಕೆ ಆ ಹೆಸರು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಆದರೂ ಮೀಟರನ್ನು ತಂತಿಗೆ ಜೋಡಿಸುವ ಕೆಲಸ ನಡೆಯದಿರಲು ಹಲವು ಕಾರಣಗಳಿದ್ದವು.

ಮೊದಲನೆಯದು ಫೋನುಗಳ ಅಭಾವ. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಪ್ರಕಟವಾದಾಗ ದೇಶದಲ್ಲಿ ನೂರು ಜನಕ್ಕೆ ಸುಮಾರು 0.8 ಫೋನುಗಳಿದ್ದವು. ಬಸವನಗುಡಿಯಂಥ ಅನುಕೂಲಸ್ಥ ಬಡಾವಣೆಯಲ್ಲೂ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು, ಪಕ್ಕದ ಮನೆಯ ನಂಬರನ್ನು 'ಪಿ.ಪಿ.' ಎಂದು ಕೊಡುವುದು ವಾಡಿಕೆಯಾಗಿತ್ತು. ಮೀಟರು ಮನೆಮನೆಗೂ ಇತ್ತು. ಫೋನು ಬೀದಿಗೆ ಕೆಲವು ಮಾತ್ರ. ಎರಡನೆಯದು ಆಡಳಿತ. ದೂರವಾಣಿ ಕೇಂದ್ರ ಸರಕಾರದ ಇಲಾಖೆಯದು, ವಿದ್ಯುತ್ತು ಮತ್ತು ನೀರು ರಾಜ್ಯದ ಮಂಡಳಿಗಳವು. ಇಲಾಖೆಯ ಅನುಮತಿಯಿಲ್ಲದೆ ತಂತಿಗೆ ಬೇರೆ ಉಪಕರಣ ಸೇರಿಸುವಂತಿರಲಿಲ್ಲ. ಮೂರನೆಯದು ಮೀಟರು: ತಟ್ಟೆ ಸುತ್ತುವ ಮೀಟರುಗಳಿಗೆ ಸಂಕೇತ ಕೊಡುವ ಬಾಯೇ ಇರಲಿಲ್ಲ. ನಾಲ್ಕನೆಯದು ಮಳೆಗಾಲ: ಕೇಬಲ್ಲಿಗೆ ನೀರು ಹೊಕ್ಕು ಫೋನು 'ಡೆಡ್' ಆದರೆ ಮೀಟರೂ ಮೂಕವಾಗುತ್ತಿತ್ತು. ಇವೆಲ್ಲಕ್ಕಿಂತ ಮುಖ್ಯವಾಗಿ, ಮನೆಮನೆಗೆ ಮೋಡೆಮ್ ಕೂರಿಸುವುದಕ್ಕಿಂತ ತಿಂಗಳಿಗೊಮ್ಮೆ ಒಬ್ಬರನ್ನು ಬೀದಿಗೆ ಕಳಿಸುವುದು ಬಹಳ ಅಗ್ಗವಾಗಿತ್ತು.

ಮೀಟರ್ ರೀಡರ್ ಪುಸ್ತಕದಲ್ಲಿ ಅಂಕಿ ಬರೆದುಕೊಂಡು ಹೋಗಿ, ಬಿಲ್ಲು ಆಮೇಲೆ ಬರುತ್ತಿದ್ದ ಕ್ರಮ ಬದಲಾದದ್ದು ಸ್ಪಾಟ್ ಬಿಲ್ಲಿಂಗ್ ಬಂದಾಗ. ಕೈಯಂತ್ರದಲ್ಲಿ ಅಂಕಿ ಒತ್ತಿದರೆ ಬಾಗಿಲಲ್ಲೇ ಬಿಲ್ಲು. ಬೀಗ ಹಾಕಿದ ಮನೆಗೆ 'ಡೋರ್ ಲಾಕ್' ಎಂದು ಗುರುತು ಹಾಕಿ ಸರಾಸರಿಯ ಮೇಲೆ ಬಿಲ್ಲು ಮಾಡುವ ಪದ್ಧತಿ ಹಾಗೆಯೇ ಉಳಿಯಿತು. ಮಕ್ಕಳು ಹೊರದೇಶಕ್ಕೆ ಹೋಗಿ ವೃದ್ಧರಿಬ್ಬರೇ ಉಳಿದ, ವರ್ಷದ ಕೆಲವು ತಿಂಗಳು ಬೀಗ ಬೀಳುವ ಮನೆಗಳು ಮಲ್ಲೇಶ್ವರ, ಬಸವನಗುಡಿಗಳಲ್ಲಿ ಹೆಚ್ಚಾದಂತೆ ದೂರದಿಂದ ಓದಬಲ್ಲ ಮೀಟರಿನ ಅಗತ್ಯ ಅಲ್ಲಿ ಸ್ಪಷ್ಟವಾಗಿ ಕಂಡಿತು.

ಎಸ್.ಪಿ. ರಸ್ತೆಯ ಪ್ರಯೋಗಗಳು

ದೂರವಾಣಿಯಿಂದ ಮನೆಯ ಉಪಕರಣ ನಡೆಸುವ ತಂತ್ರಕ್ಕೆ ನಗರದಲ್ಲಿ ಒಂದು ಅನಧಿಕೃತ ಶಾಲೆಯೂ ಇತ್ತು. ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. ಕಾಲೇಜು, ವಿಶ್ವೇಶ್ವರಪುರದ ಬೆಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಂಥ ಎಂಜಿನಿಯರಿಂಗ್ ಕಾಲೇಜುಗಳಿಂದ ಸಾದರ ಪತ್ರಪ್ಪ ರಸ್ತೆಯ, ಎಂದರೆ ಎಸ್.ಪಿ. ರೋಡಿನ, ಎಲೆಕ್ಟ್ರಾನಿಕ್ ಅಂಗಡಿಗಳು ದೂರವಿಲ್ಲ. 8870 ಎಂಬ ಸ್ವರ ಗುರುತಿಸುವ ಚಿಪ್ಪು, 8051 ಕುಟುಂಬದ ಮೈಕ್ರೊಕಂಟ್ರೋಲರು, ನಾಲ್ಕಾರು ರಿಲೇಗಳು ಅಲ್ಲಿ ಬಿಡಿಯಾಗಿ ಸಿಗುತ್ತಿದ್ದವು. ಇವನ್ನು ಜೋಡಿಸಿ ಫೋನಿನಿಂದ ದೀಪ, ಫ್ಯಾನು, ಪಂಪು ನಡೆಸುವ ಮಾದರಿ 1990 ಮತ್ತು 2000ದ ದಶಕಗಳಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಪ್ರಾಜೆಕ್ಟಾಗಿತ್ತು.

ಕರೆ ಬಂದು ಕೆಲವು ರಿಂಗಾದ ಮೇಲೆ ಯಂತ್ರ ತಾನೇ ಫೋನೆತ್ತುತ್ತದೆ. ಗುಪ್ತಸಂಖ್ಯೆ ಸರಿಯಿದ್ದರೆ ಮುಂದಿನ ಗುಂಡಿಗೆ ತಕ್ಕ ರಿಲೇ ಎಳೆಯುತ್ತದೆ. ಕೆಲಸವಾಯಿತೆಂದು 'ಬೀಪ್' ಶಬ್ದ ಕಳಿಸುತ್ತದೆ. ಮಾದರಿಗಳ ಸಾಮಾನ್ಯ ಕೊರತೆ ಈ ಕೊನೆಯ ಹಂತದಲ್ಲಿತ್ತು. ಬೀಪ್ ಹೇಳುವುದು ರಿಲೇ ಎಳೆದ ಸಂಗತಿಯನ್ನು ಮಾತ್ರ. ಸಂಪಿನಲ್ಲಿ ನೀರಿದೆಯೇ, ಪಂಪು ನಿಜವಾಗಿ ಎತ್ತುತ್ತಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ನಿಯಂತ್ರಣಕ್ಕೆ ಮಾಪನದ ಜೊತೆ ಬೇಕೆಂಬ ಪಾಠ ಇದರಲ್ಲಿದೆ. ಬೆಂಗಳೂರಿನ ಮನೆಗಳಲ್ಲಿ ಕೊನೆಗೆ ಗೆದ್ದದ್ದು ಇನ್ನೂ ಸರಳವಾದ ಉಪಾಯ: ತೊಟ್ಟಿ ತುಂಬಿದಾಗ, ಸಂಪು ಬರಿದಾದಾಗ ಮೋಟರನ್ನು ತಾನಾಗಿ ನಿಲ್ಲಿಸುವ, ಯಾರ ಕರೆಗೂ ಕಾಯದ ನೀರಿನ ಮಟ್ಟದ ಸ್ವಿಚ್ಚು.

ನೀರು: ವಾಲ್ವ್‌ಮನ್ ಮತ್ತು ಸಂದೇಶ

ಬೆಂಗಳೂರಿನ ನೀರು ಸುಮಾರು 100 ಕಿ.ಮೀ. ದೂರದಿಂದ, ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತಹಂತವಾಗಿ ಮೇಲಕ್ಕೆತ್ತಿ ತಂದದ್ದು. ನಗರದ ಜಲಾಗಾರಗಳಿಗೆ ಬಂದ ಮೇಲೆ ಅದು ಯಾವ ಬೀದಿಗೆ ಯಾವಾಗ ಹೋಗಬೇಕೆಂಬುದನ್ನು ನಿರ್ಧರಿಸುವುದು ರಸ್ತೆಯಡಿಯ ವಾಲ್ವು. ಅದನ್ನು ಉದ್ದನೆಯ ಕೀಲಿಯಿಂದ ತಿರುಗಿಸುವವರು ವಾಲ್ವ್‌ಮನ್. ಕೆರೆಯ ತೂಬೆತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿಯ ನಗರರೂಪ ಇದು. ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ ಮನೆಯವರಿಗೆ ಮೀಟರಿನ ಅಂಕಿಗಿಂತ ಮುಖ್ಯವಾದ ಪ್ರಶ್ನೆ 'ನೀರು ಎಷ್ಟು ಹೊತ್ತಿಗೆ ಬಿಡ್ತಾರೆ?' ಎಂಬುದು.

ಈ ಪ್ರಶ್ನೆಗೆ ಮೊಬೈಲ್ ಮೂಲಕ ಉತ್ತರಿಸಲು ಹೊರಟದ್ದು ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ. ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಇದು 2010ರ ದಶಕದ ಮೊದಲ ವರ್ಷಗಳಲ್ಲಿ, ಹಲವು ದಿನಗಳಿಗೊಮ್ಮೆ ನೀರು ಬರುತ್ತಿದ್ದ ಹುಬ್ಬಳ್ಳಿ–ಧಾರವಾಡದಲ್ಲಿ ಕೆಲಸ ಆರಂಭಿಸಿತು. ವಾಲ್ವು ತೆರೆಯುವಾಗ ವಾಲ್ವ್‌ಮನ್ ಒಂದು ನಂಬರಿಗೆ ಕರೆ ಮಾಡಿ ತಿಳಿಸಬೇಕಿತ್ತು. ಆ ಪ್ರದೇಶದ ಮನೆಗಳಿಗೆ ಕೂಡಲೇ ಎಸ್ಸೆಮ್ಮೆಸ್ ಹೋಗಬೇಕಿತ್ತು. ಮುಂದೆ ಜಲಮಂಡಳಿಯ ಸಹಯೋಗದಲ್ಲಿ ಈ ವ್ಯವಸ್ಥೆ ಬೆಂಗಳೂರಿಗೂ ಬಂತು. ತನು ಕುಮಾರ್, ಆಲಿಸನ್ ಪೋಸ್ಟ್, ಇಶಾ ರೇ ಎಂಬ ಸಂಶೋಧಕರು ಬೆಂಗಳೂರಿನಲ್ಲಿ ಇದರ ಪರಿಣಾಮವನ್ನು ಕ್ಷೇತ್ರಪ್ರಯೋಗದಿಂದ ಅಳೆದು 2018ರಲ್ಲಿ ಪ್ರಕಟಿಸಿದರು. ಮನೆಗಳ ಮೇಲಾದ ಪರಿಣಾಮ ಅಲ್ಪವೆಂದು ಕಂಡುಬಂತು. ಸಂದೇಶಸರಣಿಯ ಮೊದಲ ಕೊಂಡಿಯಾದ ವಾಲ್ವ್‌ಮನ್ನರಿಂದ ವರದಿ ಕ್ರಮವಾಗಿ ಬರುತ್ತಿರಲಿಲ್ಲ. ಬಂದ ಸಂದೇಶವೂ ನೀರಿಗಾಗಿ ಕಾಯುವ ಹೆಂಗಸರ ಬದಲು ಹೊರಗೆ ಹೋದ ಗಂಡಸರ ಫೋನಿಗೆ ತಲುಪುವ ಸಾಧ್ಯತೆಯಿತ್ತು. ದೂರಮಾಪನದ ಹಾದಿ ಎಷ್ಟೇ ವೇಗವಾಗಿದ್ದರೂ ಅದರ ಎರಡು ತುದಿಗಳಲ್ಲಿ ಯಾರಿದ್ದಾರೆ ಎಂಬುದು ಫಲವನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇದು ಸ್ಪಷ್ಟ ಉದಾಹರಣೆ.

ಜಲಮಂಡಳಿಯ ಸ್ವಂತ ದೂರಮಾಪನ ಹೆಚ್ಚಾಗಿ ಮನೆಗಿಂತ ಮೇಲಿನ ಮಟ್ಟದ್ದು. 2014ರಲ್ಲಿ ಐಬಿಎಂ ತಂತ್ರಾಂಶದ ನೆರವಿನಿಂದ ಮುಖ್ಯ ಕೊಳವೆಗಳ ಹರಿವಿನ ಮೀಟರುಗಳನ್ನು ಒಂದೇ ಪರದೆಯಲ್ಲಿ ನೋಡುವ ವ್ಯವಸ್ಥೆ ಬಂತು. ಲೆಕ್ಕಕ್ಕೆ ಸಿಗದೆ ಹೋಗುವ ನೀರನ್ನು ಪತ್ತೆಹಚ್ಚುವುದು ಇದರ ಗುರಿ. ಅಪಾರ್ಟ್‌ಮೆಂಟುಗಳ ಒಳಗೆ ಪ್ರತಿ ಫ್ಲ್ಯಾಟಿನ ಬಳಕೆಯನ್ನು ಮೊಬೈಲಿನಲ್ಲಿ ತೋರಿಸುವ, ಸೋರಿಕೆಯಾದರೆ ದೂರದಿಂದಲೇ ವಾಲ್ವು ಮುಚ್ಚುವ ಮೀಟರುಗಳನ್ನು ಖಾಸಗಿ ಸಂಸ್ಥೆಗಳು ಒದಗಿಸುತ್ತಿವೆ.

ವಿದ್ಯುತ್ತು: ಮೋಡೆಮ್ಮಿನಿಂದ ಸ್ಮಾರ್ಟ್ ಮೀಟರಿಗೆ

ವಿದ್ಯುತ್ ಕ್ಷೇತ್ರದಲ್ಲಿ ದೂರಮಾಪನ ಮೇಲಿನಿಂದ ಕೆಳಕ್ಕೆ ಇಳಿಯಿತು. ಮೊದಲು ಉಪಕೇಂದ್ರಗಳು, ಆಮೇಲೆ ಕಾರ್ಖಾನೆಗಳಂಥ ಹೈಟೆನ್ಷನ್ ಗ್ರಾಹಕರು, ಫೀಡರುಗಳು, ಟ್ರಾನ್ಸ್‌ಫಾರ್ಮರುಗಳು, ಮನೆ ಕೊನೆಯದು. ಕೇಂದ್ರ ಸರಕಾರ 2008ರಲ್ಲಿ ಮರುರೂಪಿಸಿದ ವಿತರಣಾ ಸುಧಾರಣೆ ಕಾರ್ಯಕ್ರಮದಡಿ ಫೀಡರು ಮತ್ತು ಟ್ರಾನ್ಸ್‌ಫಾರ್ಮರುಗಳ ಮೀಟರಿಗೆ ಸಿಮ್ ಹಾಕಿದ ಮೋಡೆಮ್ ಜೋಡಿಸುವ ಕೆಲಸ ನಡೆಯಿತು. ಬೆಂಗಳೂರಿನಲ್ಲಿ ಜಪಾನಿನ ಸಾಲದ ನೆರವಿನ ಯೋಜನೆಯೊಂದು ವಿತರಣಾ ಜಾಲದ ಸ್ವಿಚ್ಚುಗಳನ್ನು ಕೇಂದ್ರದಿಂದ ನಡೆಸುವ ವ್ಯವಸ್ಥೆಯನ್ನು ತಂದಿತು.

ಮನೆಗಳ ಮಟ್ಟದಲ್ಲಿ ರಾಜ್ಯದ ಮೊದಲ ದೊಡ್ಡ ಪ್ರಯೋಗ ನಡೆದದ್ದು ಮೈಸೂರಿನಲ್ಲಿ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ವಿ.ವಿ. ಮೊಹಲ್ಲಾ ವಿಭಾಗದ 21,824 ಗ್ರಾಹಕರನ್ನು ಒಳಗೊಂಡ ಸ್ಮಾರ್ಟ್ ಗ್ರಿಡ್ ಯೋಜನೆಯನ್ನು ಕೈಗೆತ್ತಿಕೊಂಡಿತು. ಭಾರತೀಯ ಸ್ಮಾರ್ಟ್ ಮೀಟರಿನ ಮಾನಕ ಐ.ಎಸ್. 16444 ಪ್ರಕಟವಾದದ್ದು 2015ರಲ್ಲಿ. 2021ರಲ್ಲಿ ಕೇಂದ್ರ ಸರಕಾರ ದೇಶಕ್ಕೆ 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರುಗಳ ಗುರಿಯಿಟ್ಟಿತು. ಬೆಸ್ಕಾಂ 2025ರ ಫೆಬ್ರುವರಿಯಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸಿತು. ಮೀಟರಿನ ಬೆಲೆಯ ಬಗ್ಗೆ ಎದ್ದ ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

2023ರ ಜುಲೈಯಿಂದ ಜಾರಿಯಾದ, ಮನೆಗಳಿಗೆ ಉಚಿತ ವಿದ್ಯುತ್ತು ಕೊಡುವ ಗೃಹಜ್ಯೋತಿ ಯೋಜನೆ ಮನೆಯ ಅಂಕಿಗೆ ಹೊಸ ಬೆಲೆ ತಂದಿತು. ಆರಂಭದಲ್ಲಿ ಹಿಂದಿನ ವರ್ಷದ ಸರಾಸರಿಗೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ ಮಿತಿ ನಿಗದಿಯಾದ್ದರಿಂದ ಮಿತಿಯ ಅಂಚಿನಲ್ಲಿರುವ ಮನೆಗೆ ತಿಂಗಳ ನಡುವೆ ಬಳಕೆ ತಿಳಿಯುವುದು ಲಾಭ. ಹೊರೆ ನಿಯಂತ್ರಣದ ವಿಷಯದಲ್ಲಿ ಬೆಂಗಳೂರು ಹಿಡಿದದ್ದು ಬೇರೆ ದಾರಿ. ಮುಂಜಾನೆ ಗೀಸರುಗಳು ಒಟ್ಟಿಗೆ ಏರಿಸುವ ಹೊರೆಯನ್ನು ದೂರದಿಂದ ಆರಿಸುವ ಬದಲು, ಸೌರ ಹೀಟರು ಹಾಕಿಸಿದವರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಡಲಾಯಿತು. ಹಳೆಯ ಬಡಾವಣೆಗಳ ತಾರಸಿಗಳ ಮೇಲಿನ ಸೌರ ಹೀಟರುಗಳ ಸಾಲಿನಲ್ಲಿ ಅದರ ಫಲ ಕಾಣುತ್ತದೆ.

ಪಂಪ್‌ಸೆಟ್ಟು: ಹಳ್ಳಿಯ ಸಮಾನಾಂತರ

ದೂರವಾಣಿಯ ನಿಯಂತ್ರಣ ಕರ್ನಾಟಕದಲ್ಲಿ ನಿಜವಾಗಿ ಜನಬಳಕೆಗೆ ಬಂದದ್ದು ಹೊಲದಲ್ಲಿ. ತ್ರೀಫೇಸ್ ಕರೆಂಟು ಹೊತ್ತಲ್ಲದ ಹೊತ್ತಿನಲ್ಲಿ ಬರುವುದರಿಂದ ರೈತರು ಕತ್ತಲಲ್ಲಿ, ಹಾವು ಚೇಳುಗಳ ನಡುವೆ ಬೋರ್‌ವೆಲ್ಲಿಗೆ ನಡೆಯಬೇಕಿತ್ತು. ಸಿಮ್ ಹಾಕಿದ ಸ್ಟಾರ್ಟರಿಗೆ ಮನೆಯಿಂದಲೇ ಕರೆ ಮಾಡಿ ಮೋಟರು ಹಾಕುವ ಸಾಧನ ಈ ಕಷ್ಟಕ್ಕೆ ಉತ್ತರವಾಯಿತು. ಪುಣೆಯ ಸಂತೋಷ್ ಓಸ್ತವಾಲ್ ರೂಪಿಸಿದ 'ನ್ಯಾನೋ ಗಣೇಶ್' ಈ ಬಗೆಯ ಸಾಧನಗಳಲ್ಲಿ ಹೆಸರಾದದ್ದು. ಕರೆಂಟಿದೆಯೇ, ಮೋಟರು ನೀರೆತ್ತುತ್ತಿದೆಯೇ ಎಂಬ ಮರುಸುದ್ದಿಯನ್ನೂ ಕೊಡುವ ಇಂಥ ಸಾಧನಗಳು ಎಸ್.ಪಿ. ರಸ್ತೆಯ ಮಾದರಿಗಳ ಕೊರತೆಯನ್ನು ತುಂಬಿದವು.

ಕಾನೂನು ಮತ್ತು ಆಕ್ಷೇಪಗಳು

2003ರ ವಿದ್ಯುತ್ ಕಾಯಿದೆಯ 56ನೆಯ ಕಲಮಿನಂತೆ ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು ಪೂರ್ತಿ 15 ದಿನಗಳ ಲಿಖಿತ ನೋಟೀಸು ಬೇಕು. ಹಿಂದೆ ಫ್ಯೂಸು ಕೀಳಲು ಲೈನ್‌ಮನ್ ಮನೆಗೇ ಬರುತ್ತಿದ್ದರು. ಸಮಜಾಯಿಷಿಗೆ, ಒಂದೆರಡು ದಿನದ ಗಡುವಿಗೆ ಅಲ್ಲಿ ಅವಕಾಶವಿತ್ತು. ಹಣ ಮುಗಿದೊಡನೆ ಮೀಟರೇ ಸಂಪರ್ಕ ಕಡಿಯುವ ಪ್ರೀಪೇಯ್ಡ್ ಪದ್ಧತಿಯಲ್ಲಿ ಆ ಅವಕಾಶ ಉಳಿಯುವುದೇ ಎಂಬುದು ಗ್ರಾಹಕರ ಪ್ರಶ್ನೆ. ಪ್ರೀಪೇಯ್ಡ್ ಮೀಟರು ಒಪ್ಪಿದವರಿಂದ ಭದ್ರತಾ ಠೇವಣಿ ಕೇಳುವಂತಿಲ್ಲ ಎಂಬ ಅನುಕೂಲವೂ ಅದೇ ಕಾಯಿದೆಯ 47ನೆಯ ಕಲಮಿನಲ್ಲಿದೆ.

ಇನ್ನೊಂದು ಆಕ್ಷೇಪ ಖಾಸಗಿತನದ್ದು. ತಿಂಗಳಿಗೊಂದು ಅಂಕಿ ಬಿಲ್ಲಿಗೆ ಮಾತ್ರ ಸಾಕು. ಅರ್ಧಗಂಟೆಗೊಂದು ಅಂಕಿ ಮನೆಯವರು ಎದ್ದದ್ದು, ಊರಿಗೆ ಹೋದದ್ದು, ಮನೆ ಖಾಲಿಯಿರುವುದು ಎಲ್ಲವನ್ನೂ ಹೇಳಬಲ್ಲದು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪಿತ್ತ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ 2023ರಲ್ಲಿ ಬಂತು.

ಸದ್ಯದ ಸ್ಥಿತಿ

ಹಳೆಯ ಬಡಾವಣೆಗಳಲ್ಲಿ ತಾಮ್ರದ ತಂತಿಯ ಜಾಗವನ್ನು ಆಪ್ಟಿಕಲ್ ಫೈಬರ್ ಆಕ್ರಮಿಸುತ್ತಿದೆ. ಫೈಬರು ವಿದ್ಯುತ್ತನ್ನು ಒಯ್ಯದ ಕಾರಣ ಮನೆಯ ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ ಕರೆಂಟಿನೊಂದಿಗೆ ಫೋನೂ ಹೋಗುತ್ತದೆ. ವಿದ್ಯುತ್ ದೂರಿಗೆ 1912, ನೀರಿನ ದೂರಿಗೆ 1916 ಸಹಾಯವಾಣಿಗಳಿವೆ. ಬೆಸ್ಕಾಂ ಮಿತ್ರ ಆ್ಯಪ್‌ನಲ್ಲಿ ಬಿಲ್ಲು ಕಟ್ಟಬಹುದು, ದೂರು ದಾಖಲಿಸಬಹುದು. ಬಹುಪಾಲು ಹಳೆಯ ಮನೆಗಳಲ್ಲಿ ಮೀಟರ್ ರೀಡರ್ ಕೈಯಂತ್ರ ಹಿಡಿದು ಬರುವ ಕ್ರಮ ಮುಂದುವರಿದಿದೆ. ಬೀದಿಯ ವಾಲ್ವನ್ನು ತಿರುಗಿಸುವುದೂ ಇನ್ನೂ ಕೈಕೆಲಸವೇ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಆರಂಭವಾಗಿ ದಿನಕ್ಕೆ 77.5 ಕೋಟಿ ಲೀಟರು ನೀರು ಹೆಚ್ಚುವರಿಯಾಗಿ ಬರುವಂತಾದ ಮೇಲೂ ಅದು ಯಾವ ಬೀದಿಗೆ ಎಷ್ಟು ಹೊತ್ತಿಗೆ ಎಂಬ ಸುದ್ದಿ ವಾಲ್ವ್‌ಮನ್ನರ ಬಳಿಯೇ ಮೊದಲು ಇರುತ್ತದೆ.